ಮನಸ್ಸು, ಮಿದುಳು ಮತ್ತು ಸಾಕ್ಷಿ: ಮನಸ್ಸಿನ ತತ್ತ್ವಶಾಸ್ತ್ರವೂ ಮಿದುಳು ವಿಜ್ಞಾನವೂ

ಮನಸ್ಸು ಎಂದರೇನು, ಅದು ಮಿದುಳಿನ ಕೆಲಸವೇ ಅಥವಾ ಮಿದುಳನ್ನು ಬಳಸಿಕೊಳ್ಳುವ ಬೇರೊಂದು ತತ್ತ್ವವೇ, ನೋವು, ನೆನಪು, ಸಂಕಲ್ಪಗಳನ್ನು ನರಕೋಶಗಳ ಲೆಕ್ಕದಲ್ಲಿ ಪೂರ್ತಿ ಹೇಳಿ ಮುಗಿಸಬಹುದೇ ಎಂದು ವಿಚಾರಿಸುವ ತತ್ತ್ವಶಾಸ್ತ್ರದ ಶಾಖೆ ಮನಸ್ಸಿನ ತತ್ತ್ವಶಾಸ್ತ್ರ. ಮಿದುಳು ವಿಜ್ಞಾನ ಅದೇ ಮನುಷ್ಯನನ್ನು ಹೊರಗಿನಿಂದ ನೋಡುತ್ತದೆ. ವಯಸ್ಕರ ಮಿದುಳು ಸುಮಾರು 1.3ರಿಂದ 1.4 ಕಿಲೋ ತೂಗುತ್ತದೆ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡಾದರೂ ದೇಹ ವ್ಯಯಿಸುವ ಶಕ್ತಿಯಲ್ಲಿ ಐದನೇ ಒಂದು ಭಾಗ ಅದಕ್ಕೇ ಬೇಕು. ಅದರಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಈ ಅಂಗಕ್ಕೆ ಪೆಟ್ಟಾದರೆ ಮಾತು ಹೋಗಬಹುದು, ಮುಖಗಳ ಗುರುತು ಅಳಿಯಬಹುದು, ಸ್ವಭಾವವೇ ಬದಲಾಗಬಹುದು. ಆದ್ದರಿಂದ ಮನಸ್ಸಿಗೂ ಮಿದುಳಿಗೂ ಸಂಬಂಧವಿದೆಯೇ ಎಂಬುದು ಇಂದು ಪ್ರಶ್ನೆಯಲ್ಲ. ಎಂಥ ಸಂಬಂಧ ಎಂಬುದು ಪ್ರಶ್ನೆ.

ಕರ್ನಾಟಕದಲ್ಲಿ ಈ ವಿಚಾರಕ್ಕೆ ಎರಡು ನೆಲೆಗಳಿವೆ. ಉಡುಪಿ, ಶೃಂಗೇರಿ, ಮಳಖೇಡಗಳ ದರ್ಶನ ಪರಂಪರೆ ಒಂದು; ಮೈಸೂರು ಮತ್ತು ಬೆಂಗಳೂರಿನ ಮನೋವಿಜ್ಞಾನ, ಮನೋವೈದ್ಯ ಸಂಸ್ಥೆಗಳು ಇನ್ನೊಂದು. ಇವೆರಡನ್ನೂ ಎದುರೆದುರು ಕೂರಿಸಿ ಓದಿದ ಬರಹಗಳು ಕನ್ನಡದಲ್ಲಿ ಕಡಿಮೆ. ಓದಿದರೆ ಮಾತ್ರ ವಾದದ ಗಂಟು ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಕವಳದ ಕೆಂಪು, ದೀಪದ ಬೆಳಕು

ಚೈತನ್ಯ ದೇಹದಿಂದಲೇ ಹುಟ್ಟುತ್ತದೆ ಎಂದು ಮೊದಲು ಸಾರಿದವರು ಲೋಕಾಯತರು, ಅಂದರೆ ಚಾರ್ವಾಕರು. ಅವರ ಗ್ರಂಥಗಳು ಬಹುಮಟ್ಟಿಗೆ ಉಳಿದಿಲ್ಲ. ಅವರ ವಾದಗಳು ನಮಗೆ ತಲುಪಿರುವುದು ಎದುರಾಳಿಗಳ ಪುಸ್ತಕಗಳಿಂದ. ವಿಜಯನಗರ ಕಾಲದ, ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ ಚಾರ್ವಾಕ ದರ್ಶನದಿಂದಲೇ ಆರಂಭವಾಗುತ್ತದೆ. ಹುದುಗು ಬಂದ ಪದಾರ್ಥದಲ್ಲಿ ಅಮಲು ಹುಟ್ಟುವ ಹಾಗೆ ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ ಎಂಬ ದೃಷ್ಟಾಂತ ಅಲ್ಲಿದೆ. ಶಂಕರರ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಸರ್ವಸಿದ್ಧಾಂತಸಂಗ್ರಹ’ದಲ್ಲಿ ಇನ್ನೊಂದು ದೃಷ್ಟಾಂತವಿದೆ. ಅದು ಎಲೆ, ಅಡಿಕೆ, ಸುಣ್ಣ ಕೂಡಿ ಬರುವ ತಾಂಬೂಲದ ಕೆಂಪು.

ಕುಮಟಾ–ಶಿರಸಿ ರಸ್ತೆಯ ಕತಗಾಲದಂಥ ಅಡಿಕೆ ಸೀಮೆಯಲ್ಲಿ ಈ ದೃಷ್ಟಾಂತಕ್ಕೆ ವ್ಯಾಖ್ಯಾನವೇ ಬೇಡ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಕವಳ ಹಾಕಿ ಜಗಿದರೆ ಬಾಯಿ ಕೆಂಪು. ಆ ಕೆಂಪು ಯಾವ ಒಂದರಲ್ಲೂ ಇರಲಿಲ್ಲ, ಹೊರಗಿನಿಂದ ಬಂದು ಸೇರಲೂ ಇಲ್ಲ. ಇಂದಿನ ತತ್ತ್ವಶಾಸ್ತ್ರದಲ್ಲಿ ಉದ್ಭವವಾದ ಎಂದು ಕರೆಯುವ ನಿಲುವಿನ ತಿರುಳು ಇದೇ: ಬಿಡಿ ನರಕೋಶಕ್ಕೆ ಅರಿವಿಲ್ಲ, ಕೋಟಿಗಟ್ಟಲೆ ನರಕೋಶಗಳು ಒಂದು ಬಗೆಯಲ್ಲಿ ಕೂಡಿದಾಗ ಅರಿವು ಇದೆ. ಈ ವಾದವನ್ನು ಒರಟು ಭೌತವಾದವೆಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ಅದು ಅನ್ಯಾಯ. ಮಿದುಳು ವಿಜ್ಞಾನದ ಬಹುಪಾಲು ಕೆಲಸ ಈ ಒಂದು ನಂಬಿಕೆಯ ಮೇಲೆಯೇ ನಡೆಯುತ್ತಿದೆ.

ಆದರೆ ದೃಷ್ಟಾಂತಕ್ಕೆ ಒಂದು ಮಿತಿ ಇದೆ. ಅಡಿಕೆಯ ಪಾಲಿಫಿನಾಲ್‌ಗಳು ಸುಣ್ಣದ ಕ್ಷಾರದೊಂದಿಗೆ ವರ್ತಿಸಿ ಕೆಂಪಾಗುತ್ತವೆ ಎಂದು ರಸಾಯನಶಾಸ್ತ್ರ ಹೇಳಿದ ಮೇಲೆ ಕವಳದಲ್ಲಿ ವಿವರಿಸಲು ಉಳಿಯುವುದು ಅಲ್ಪ. ಆ ಕೆಂಪು ಎದುರು ಕೂತವನಿಗೂ ಕಾಣುತ್ತದೆ. ಹಲ್ಲುನೋವು ಹಾಗಲ್ಲ: ಅದರ ನರಮಾರ್ಗವನ್ನು ಎಷ್ಟು ವಿವರಿಸಿದರೂ ನೋವು ಪಡುವವನಿಗೆ ಮಾತ್ರ ಗೊತ್ತಿರುವ ಒಂದು ಅಂಶ ಆ ವಿವರಣೆಯ ಆಚೆ ನಿಲ್ಲುತ್ತದೆ.

ಲೋಕಾಯತರಿಗೆ ಎದುರಾದ ಅತ್ಯಂತ ಚುರುಕಾದ ಉತ್ತರ ಶಂಕರರ ಬ್ರಹ್ಮಸೂತ್ರಭಾಷ್ಯದ ಮೂರನೆಯ ಅಧ್ಯಾಯ, ಮೂರನೆಯ ಪಾದದಲ್ಲಿದೆ (3.3.53–54). ದೇಹವಿದ್ದಾಗ ಅರಿವಿದೆ, ದೇಹವಿಲ್ಲದಾಗ ಇಲ್ಲ. ಆದ್ದರಿಂದ ಅರಿವು ದೇಹದ ಧರ್ಮ ಎಂಬುದು ಪೂರ್ವಪಕ್ಷ. ಶಂಕರರು ಕೊಡುವ ಉತ್ತರಗಳಲ್ಲಿ ಒಂದು ದೀಪದ್ದು. ಕತ್ತಲಲ್ಲಿ ದೀಪವಿದ್ದರೆ ನೋಟ ಸಾಧ್ಯ, ಇಲ್ಲದಿದ್ದರೆ ಅಸಾಧ್ಯ. ಅಷ್ಟಕ್ಕೇ ನೋಟವು ದೀಪದ ಗುಣವಾಗುವುದಿಲ್ಲ. ಜೊತೆಗಿರುವುದು ಸಾಧನವಾಗಿರಬಹುದು, ಆಶ್ರಯವಾಗಿರಲೇಬೇಕೆಂದಿಲ್ಲ. ಶವದಲ್ಲಿ ದೇಹವಿದ್ದೂ ಅರಿವಿಲ್ಲ ಎಂಬುದು ಇನ್ನೊಂದು ಉತ್ತರ. ಅದು ಇಂದು ಬಲ ಕಳೆದುಕೊಂಡಿದೆ, ಏಕೆಂದರೆ ಶವದ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಇರುವುದಿಲ್ಲವೆಂದು ನಮಗೆ ಗೊತ್ತು. ದೀಪದ ವಾದ ಮಾತ್ರ ಬಲ ಕಳೆದುಕೊಂಡಿಲ್ಲ. ಎಂಆರ್‌ಐ ಯಂತ್ರ ತೋರಿಸುವುದು ಸಹಭಾವವನ್ನು: ಈ ಅನುಭವ ಇದ್ದಾಗ ಮಿದುಳಿನ ಈ ಭಾಗ ಸಕ್ರಿಯ. ಸಹಭಾವದಿಂದ ಅಭೇದಕ್ಕೆ ಹಾರಬೇಕಾದರೆ ಇನ್ನೊಂದು ವಾದ ಬೇಕೇ ಬೇಕು. ಸಾವಿರ ವರ್ಷ ಹಿಂದಿನ ಈ ಎಚ್ಚರಿಕೆಯನ್ನು ಇಂದಿನ ಪ್ರತಿ ಮಿದುಳು ಚಿತ್ರದ ಪಕ್ಕ ಇಟ್ಟುಕೊಳ್ಳಬೇಕು.

ಮುಖ್ಯವಾದ ಇನ್ನೊಂದು ವ್ಯತ್ಯಾಸವನ್ನು ಇಲ್ಲೇ ಹೇಳಬೇಕು. ಯುರೋಪಿನ ಆಧುನಿಕ ವಾದದಲ್ಲಿ ಗೆರೆ ಬೀಳುವುದು ದೇಹ ಮತ್ತು ಮನಸ್ಸಿನ ನಡುವೆ. ಸಾಂಖ್ಯ, ವೇದಾಂತಗಳಲ್ಲಿ ಮನಸ್ಸು, ಬುದ್ಧಿ, ಅಹಂಕಾರಗಳು ಜಡದ ಪಾಳೆಯದಲ್ಲೇ ಇವೆ. ಗೆರೆ ಬೀಳುವುದು ಮನಸ್ಸಿಗೂ ಅದನ್ನು ಅರಿಯುವ ಸಾಕ್ಷಿಗೂ ನಡುವೆ. ಆದ್ದರಿಂದ ಗಮನ, ನೆನಪು, ಆಸೆ, ನಿರ್ಧಾರಗಳೆಲ್ಲ ಮಿದುಳಿನ ವ್ಯಾಪಾರವೆಂದು ಸಿದ್ಧವಾದರೂ ವೇದಾಂತಿಗೆ ಗಾಬರಿಯ ಕಾರಣವಿಲ್ಲ. ಅವನಿಗೆ ಉಳಿಯುವ ಪ್ರಶ್ನೆ ಒಂದೇ: ಇವೆಲ್ಲ ಯಾರಿಗೆ ತೋರುತ್ತಿವೆ?

ನೈಯಾಯಿಕರು ಮನಸ್ಸನ್ನು ಅಣುಪ್ರಮಾಣದ ಇಂದ್ರಿಯವೆಂದರು. ಅವರ ಕಾರಣ ಸೊಗಸಾಗಿದೆ: ಕಣ್ಣು, ಕಿವಿ, ಮೂಗು ಒಟ್ಟಿಗೇ ತೆರೆದಿದ್ದರೂ ಜ್ಞಾನಗಳು ಒಂದರ ನಂತರ ಒಂದಾಗಿ ಬರುತ್ತವೆ, ಆದ್ದರಿಂದ ನಡುವೆ ಒಂದು ಇಕ್ಕಟ್ಟಾದ ಬಾಗಿಲಿರಬೇಕು. ಗಮನದ ಈ ಮಿತಿಯನ್ನು ಇಂದಿನ ಪ್ರಯೋಗಶಾಲೆಗಳೂ ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಿವೆ. ಭಟ್ಕಳದ ಬಳಿಯ ಹಾಡುವಳ್ಳಿ, ಹೊನ್ನಾವರದ ಬಳಿಯ ಗೇರುಸೊಪ್ಪೆಗಳಲ್ಲಿ ಒಂದು ಕಾಲಕ್ಕೆ ಪ್ರಬಲವಾಗಿದ್ದ ಜೈನ ಪರಂಪರೆ ಮನಸ್ಸನ್ನೇ ಎರಡಾಗಿ ಕಂಡಿತು: ಸೂಕ್ಷ್ಮ ಪುದ್ಗಲದಿಂದ, ಅಂದರೆ ಜಡವಸ್ತುವಿನಿಂದ ಆದ ದ್ರವ್ಯಮನಸ್ಸು, ಅರಿಯುವ ವ್ಯಾಪಾರವಾದ ಭಾವಮನಸ್ಸು.

ಉಡುಪಿಯ ಮಧ್ವಾಚಾರ್ಯರು (13ನೇ ಶತಮಾನ) ಮತ್ತು ಅವರ ಗ್ರಂಥಗಳಿಗೆ ಟೀಕೆ ಬರೆದ ಮಳಖೇಡದ ಜಯತೀರ್ಥರು (14ನೇ ಶತಮಾನ) ಸಾಕ್ಷಿಯನ್ನು ಜ್ಞಾನಮೀಮಾಂಸೆಯ ಮೂಲಕ್ಕೆ ತಂದರು. ಕಣ್ಣು ಮೊದಲಾದ ಐದು ಮತ್ತು ಮನಸ್ಸು ಸೇರಿ ಆರು ಇಂದ್ರಿಯಗಳು ಪ್ರಾಕೃತ, ಅವು ತಪ್ಪಬಹುದು. ಏಳನೆಯದಾದ ಸಾಕ್ಷಿ ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ. ಸುಖ, ದುಃಖ, ಕಾಲ, ತನ್ನ ಇರವು, ತನಗೆ ಬಂದ ಜ್ಞಾನದ ಪ್ರಾಮಾಣ್ಯ ಇವು ಸಾಕ್ಷಿಗೆ ನೇರವಾಗಿ ಗೊತ್ತು. ಹಗ್ಗವನ್ನು ಹಾವೆಂದು ಕಂಡದ್ದು ಕಣ್ಣಿನ ತಪ್ಪಾಗಬಹುದು. ಆಗ ಹೆದರಿಕೆಯಾಯಿತು ಎಂಬುದು ತಪ್ಪಾಗಲಾರದು. ಈ ನಿಲುವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಮನುಷ್ಯ ತನ್ನ ಭಾವನೆಗಳ ಕಾರಣವನ್ನು ಎಷ್ಟು ತಪ್ಪಾಗಿ ಹೇಳುತ್ತಾನೆಂಬುದಕ್ಕೆ ಮನೋವಿಜ್ಞಾನದಲ್ಲಿ ಬೇಕಾದಷ್ಟು ಪುರಾವೆಗಳಿವೆ. ಆದರೆ ಕಾರಣ ಹೇಳುವುದು ಬೇರೆ, ಅನುಭವ ಇದೆ ಎನ್ನುವುದು ಬೇರೆ. ಎರಡನೆಯದಿಲ್ಲದೆ ಅರಿವಿನ ವಿಜ್ಞಾನ ಮೊದಲ ಹೆಜ್ಜೆಯನ್ನೂ ಇಡಲಾರದು.

ಪಶ್ಚಿಮದ ದಾರಿ

ಫ್ರಾನ್ಸಿನ ರೆನೆ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ಚಿಂತನೆಗಳಲ್ಲಿ ಯೋಚಿಸುವ ವಸ್ತು, ಜಾಗ ಹಿಡಿಯುವ ವಸ್ತು ಎಂದು ಎರಡನ್ನು ಬೇರ್ಪಡಿಸಿದ. ಜಾಗವೇ ಇಲ್ಲದ ಮನಸ್ಸು ದೇಹವನ್ನು ಅಲುಗಿಸುವುದು ಹೇಗೆ ಎಂದು ಬೊಹಿಮಿಯಾದ ರಾಜಕುಮಾರಿ ಎಲಿಸಬೆತ್ 1643ರಲ್ಲಿ ಅವನಿಗೆ ಪತ್ರ ಬರೆದು ಕೇಳಿದಳು. ಅದಕ್ಕೆ ಅವನು ಸಮಾಧಾನಕರ ಉತ್ತರ ಕೊಡಲಿಲ್ಲ. ಅವನ ನಂತರದವರೂ ಕೊಟ್ಟಿಲ್ಲ.

20ನೇ ಶತಮಾನದ ನಡುವಿನಲ್ಲಿ ಗಿಲ್ಬರ್ಟ್ ರೈಲ್ (1949) ಮನಸ್ಸನ್ನು ದೇಹದೊಳಗಿನ ಭೂತವೆಂದು ಕಲ್ಪಿಸುವುದೇ ತಪ್ಪೆಂದ. ಯು.ಟಿ. ಪ್ಲೇಸ್ (1956), ಜೆ.ಜೆ.ಸಿ. ಸ್ಮಾರ್ಟ್ (1959) ಅರಿವು ಮಿದುಳಿನ ಪ್ರಕ್ರಿಯೆಯೇ ಎಂಬ ಅಭೇದವಾದವನ್ನು ಮುಂದಿಟ್ಟರು. ನೋವೆಂಬುದು ಮನುಷ್ಯನ ಮಿದುಳಿನ ಒಂದು ಸ್ಥಿತಿಯೇ ಆಗಿದ್ದರೆ ಬೇರೆ ರಚನೆಯ ಪ್ರಾಣಿಗಳಿಗೆ ನೋವೇ ಆಗಬಾರದಲ್ಲವೇ ಎಂದು ಹಿಲರಿ ಪಟ್ನಮ್ 1960ರ ದಶಕದಲ್ಲಿ ಆಕ್ಷೇಪಿಸಿದ. ವಸ್ತು ಯಾವುದೆಂಬುದಕ್ಕಿಂತ ಅದು ಮಾಡುವ ಕೆಲಸ ಮುಖ್ಯ ಎಂಬ ಕಾರ್ಯವಾದ ಅಲ್ಲಿಂದ ಬೆಳೆಯಿತು. ಇಂದಿನ ಕೃತಕ ಬುದ್ಧಿಮತ್ತೆಯ ಚರ್ಚೆಗೆ ನೆಲ ಹಾಕಿಕೊಟ್ಟದ್ದು ಇದೇ ವಾದ. ಚಿಹ್ನೆಗಳನ್ನು ನಿಯಮದಂತೆ ಹೊಂದಿಸಿದ ಮಾತ್ರಕ್ಕೆ ಅರ್ಥ ತಿಳಿದಂತಾಗುವುದಿಲ್ಲ ಎಂದು ಜಾನ್ ಸರ್ಲ್ 1980ರಲ್ಲಿ ಇದಕ್ಕೆ ತಕರಾರು ತೆಗೆದ.

ಥಾಮಸ್ ನೇಗಲ್ 1974ರಲ್ಲಿ ಕೇಳಿದ ಪ್ರಶ್ನೆ ಬಾವಲಿಯದು. ಬಾವಲಿಯ ಮಿದುಳನ್ನು ಎಷ್ಟು ತಿಳಿದರೂ ಬಾವಲಿಯಾಗಿರುವುದು ಹೇಗಿರುತ್ತದೆ ಎಂಬುದು ನಮಗೆ ದಕ್ಕುತ್ತದೆಯೇ? ಅವನ ಮನಸ್ಸಿನಲ್ಲಿದ್ದುದು ಹಣ್ಣಡಿಕೆ ಚೀಪಲು ತೋಟಕ್ಕೆ ಬರುವ ದೊಡ್ಡ ಬಾವಲಿಯಲ್ಲ, ಪ್ರತಿಧ್ವನಿ ಕೇಳಿ ಹುಳು ಹಿಡಿಯುವ ಜಾತಿ. ನಮಗಿಲ್ಲದ ಇಂದ್ರಿಯದ ಉದಾಹರಣೆ ಅವನಿಗೆ ಬೇಕಿತ್ತು. 1995ರಲ್ಲಿ ಡೇವಿಡ್ ಚಾಮರ್ಸ್ ಇದನ್ನೇ ಕಠಿಣ ಸಮಸ್ಯೆ ಎಂದು ಹೆಸರಿಸಿದ. ಗಮನ, ನೆನಪು, ವರದಿ ಮಾಡುವಿಕೆಗಳ ಯಂತ್ರವಿಧಾನವನ್ನು ಹುಡುಕುವುದು ಸುಲಭ ಸಮಸ್ಯೆಗಳ ಗುಂಪು. ಇವುಗಳ ಜೊತೆ ಅನುಭವವೆಂಬುದು ಏಕಿದೆ ಎಂಬುದು ಕಠಿಣ ಸಮಸ್ಯೆ. ವೇದಾಂತ ಎಳೆದ ಗೆರೆಗೆ ಪಶ್ಚಿಮದ ವಾದ ಬಂದು ತಲುಪಿದ್ದು ಇಲ್ಲಿ. ಹಾಗೆಂದು ಚಾಮರ್ಸ್‌ನನ್ನು ವೇದಾಂತಿ ಮಾಡುವುದು ಸಲ್ಲ, ಅವನು ಹುಡುಕುತ್ತಿರುವುದು ನಿಸರ್ಗನಿಯಮವನ್ನು. ಪೆಟ್ರೀಷಿಯಾ ಚರ್ಚ್‌ಲ್ಯಾಂಡ್ ತಮ್ಮ 1986ರ ಗ್ರಂಥದಿಂದ ಆರಂಭಿಸಿ ಈ ಎಲ್ಲ ಬಿಕ್ಕಟ್ಟು ನಮ್ಮ ಅಜ್ಞಾನದ ಫಲ, ಮಿದುಳು ವಿಜ್ಞಾನ ಬೆಳೆದಂತೆ ಪ್ರಶ್ನೆಯ ರೂಪವೇ ಬದಲಾಗುತ್ತದೆ ಎಂದು ವಾದಿಸುತ್ತ ಬಂದಿದ್ದಾರೆ.

ಮಿದುಳು ಕೊಟ್ಟ ಪುರಾವೆ

1848ರಲ್ಲಿ ಅಮೆರಿಕದ ರೈಲುಮಾರ್ಗದ ಕೆಲಸಗಾರ ಫಿನಿಯಸ್ ಗೇಜ್‌ನ ತಲೆಬುರುಡೆಯನ್ನು ಕಬ್ಬಿಣದ ಸಲಾಕೆ ತೂರಿ ಹೋಯಿತು. ಅವನು ಬದುಕಿದ, ಸ್ವಭಾವ ಬದಲಾಯಿತು. 1861ರಲ್ಲಿ ಪಾಲ್ ಬ್ರೋಕಾ ಮಾತು ಕಳೆದುಕೊಂಡ ರೋಗಿಯ ಎಡ ಮಿದುಳಿನ ಮುಂಭಾಗದಲ್ಲಿ ಹಾನಿಯಾದ ಜಾಗವನ್ನು ತೋರಿಸಿದ. 1953ರಲ್ಲಿ ಮೂರ್ಛೆರೋಗ ನಿಲ್ಲಿಸಲು ಹೆನ್ರಿ ಮೊಲೈಸನ್ ಎಂಬಾತನ ಹಿಪೊಕ್ಯಾಂಪಸ್ ಭಾಗಗಳನ್ನು ತೆಗೆದ ಮೇಲೆ ಅವನಿಗೆ ಹೊಸ ಸಂಗತಿಗಳ ನೆನಪು ನಿಲ್ಲಲಿಲ್ಲ. ಕೈಗೆ ಕಲಿಸಿದ ಹೊಸ ಕೌಶಲ ಮಾತ್ರ ನಿಂತಿತು. ನೆನಪೆಂಬುದು ಒಂದೇ ವಸ್ತುವಲ್ಲ ಎಂದು ಆಗ ತಿಳಿಯಿತು.

ಮಲೆನಾಡು, ಕರಾವಳಿಯ ಜನರಿಗೆ ಇಂಥ ಪುರಾವೆ ದೂರದ್ದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾಗಿ ಉತ್ತರ ಕನ್ನಡದ ಕಾಡಂಚಿಗೂ ಹಬ್ಬಿದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುವ ವೈರಸ್ ಜ್ವರ. ಕೆಲವರಲ್ಲಿ ಜ್ವರ ಇಳಿದು ಒಂದೆರಡು ವಾರದಲ್ಲಿ ಮರಳುತ್ತದೆ. ಆಗ ತಲೆನೋವು, ಕತ್ತು ಬಿಗಿತ, ನಡುಕದ ಜೊತೆ ಬುದ್ಧಿಭ್ರಮಣೆಯೂ ಕಾಣಿಸಬಹುದು. ಸೊಪ್ಪು, ದರಕು ತರಲು ಕಾಡಿಗೆ ಹೋಗಿ ಬಂದವರ ಮಾತು ತಪ್ಪುವುದಕ್ಕೆ ಕಾರಣ ಕಣ್ಣಿಗೆ ಕಾಣದ ಒಂದು ವೈರಸ್.

ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚು ಗದ್ದಲವೆಬ್ಬಿಸಿತು. ಬೆರಳಾಡಿಸಬೇಕೆಂಬ ಇಚ್ಛೆ ಅರಿವಿಗೆ ಬಂತೆಂದು ಜನ ಹೇಳುವ ಕ್ಷಣಕ್ಕಿಂತ ಸುಮಾರು ಮೂರನೇ ಒಂದು ಸೆಕೆಂಡಿನಷ್ಟು ಮೊದಲೇ ಮಿದುಳಿನಲ್ಲಿ ಸಿದ್ಧತೆಯ ಅಲೆ ಕಾಣಿಸಿತು. ಸ್ವತಂತ್ರ ಇಚ್ಛೆ ಭ್ರಮೆ ಎಂದು ಹಲವರು ತೀರ್ಪಿತ್ತರು. ಆ ಅಲೆ ನಿರ್ಧಾರವಲ್ಲ, ಮಿದುಳಿನ ಸಹಜ ಏರಿಳಿತದ ಸರಾಸರಿ ಇರಬಹುದು ಎಂದು ಆರೋನ್ ಶುರ್ಗರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಬೆರಳಾಡಿಸುವ ಪ್ರಯೋಗದಿಂದ ಮನೆ ಮಾರುವ, ಮದುವೆಗೆ ಒಪ್ಪುವ ನಿರ್ಧಾರಗಳ ಬಗ್ಗೆ ತೀರ್ಪು ಕೊಡುವುದು ಆಗಲೂ ಆತುರವಾಗಿತ್ತು, ಈಗಲೂ ಆತುರವೇ.

ಮೈಸೂರಿನಿಂದ ನಿಮ್ಹಾನ್ಸ್‌ವರೆಗೆ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ನಡೆಸಿದವರೂ ಇವರೇ. ಅದೇ ಊರಿನಲ್ಲಿ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳ ರೂಪರೇಷೆಯನ್ನು ಕುರಿತ ಪ್ರಸಿದ್ಧ ಇಂಗ್ಲಿಷ್ ಗ್ರಂಥವನ್ನು 1932ರಲ್ಲಿ ಹೊರತಂದರು.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಎಂ.ವಿ. ಗೋವಿಂದಸ್ವಾಮಿ 1944ರಲ್ಲಿ ಸಹೋದ್ಯೋಗಿಯೊಂದಿಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಭಾರತೀಯ ರೋಗಿಗಳ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದರು. ಆ ಕಾಲಕ್ಕೆ ಅದು ವಿಶ್ವದೆಲ್ಲೆಡೆ ಹೊಸ ಆಶೆ; ಅದನ್ನು ರೂಪಿಸಿದ ಪೋರ್ಚುಗಲ್‌ನ ಎಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಂತು. ಮುಂದೆ ಔಷಧಗಳು ಬಂದ ಮೇಲೆ, ಚಿಕಿತ್ಸೆ ವ್ಯಕ್ತಿತ್ವವನ್ನೇ ಮೊಟಕುಗೊಳಿಸುತ್ತದೆಂದು ಅರಿವಾದ ಮೇಲೆ ಜಗತ್ತು ಅದನ್ನು ಕೈಬಿಟ್ಟಿತು. ಮನಸ್ಸೆಂದರೆ ಮಿದುಳಷ್ಟೇ ಎಂದು ಅವಸರದಲ್ಲಿ ನಂಬಿ ನಡೆದಾಗ ರೋಗಿಗಳು ಎಷ್ಟು ತೆರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನವಿಲ್ಲ. ಗೋವಿಂದಸ್ವಾಮಿಯವರೇ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರು. ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್ ಆಯಿತು. ಮನೋವೈದ್ಯ, ನರವೈದ್ಯ, ನರಶಸ್ತ್ರಚಿಕಿತ್ಸೆ, ಮನೋವಿಜ್ಞಾನಗಳು ಒಂದೇ ಆವರಣದಲ್ಲಿ ಇರಬೇಕೆಂಬುದು ಆಡಳಿತದ ಅನುಕೂಲಕ್ಕೆ ಮಾಡಿದ ಏರ್ಪಾಡು ಮಾತ್ರವಲ್ಲ. ರೋಗಿಯನ್ನು ಎರಡಾಗಿ ಹಂಚಬಾರದೆಂಬ ತಾತ್ತ್ವಿಕ ನಿಲುವೂ ಅದರಲ್ಲಿದೆ.

1995ರಲ್ಲಿ ಎಸ್.ಕೆ. ಶಂಕರ್ ಅವರ ನೇತೃತ್ವದಲ್ಲಿ ಇಲ್ಲಿ ಮಿದುಳು ಬ್ಯಾಂಕ್ ಸ್ಥಾಪನೆಯಾಯಿತು. ಕುಟುಂಬಗಳು ದಾನ ಮಾಡಿದ ಮಿದುಳುಗಳ ಅಂಗಾಂಶ ಅಲ್ಲಿ ಸಂಶೋಧನೆಗಾಗಿ ಸಂರಕ್ಷಿತವಾಗಿದೆ. ಜೊತೆಯ ಸಂಗ್ರಹಾಲಯದಲ್ಲಿ ಶಾಲಾಮಕ್ಕಳೂ ನಿಜವಾದ ಮಿದುಳನ್ನು ಮುಟ್ಟಿ ನೋಡಬಹುದು. ನರಶರೀರಕ್ರಿಯಾ ತಜ್ಞ ಟಿ. ದೇಸಿರಾಜು ಪ್ರಾಣಾಯಾಮ ಮತ್ತು ಅರಿವಿನ ಸ್ಥಿತಿಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ಓಂಕಾರದ ಉಚ್ಚಾರವನ್ನು ಕುರಿತ ಒಂದು ಸಣ್ಣ ಎಂಆರ್‌ಐ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಓಂ ಎನ್ನುವಾಗ ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ, ಹಿಪೊಕ್ಯಾಂಪಸ್ ಮೊದಲಾದ ಭಾಗಗಳ ಚಟುವಟಿಕೆ ಕುಗ್ಗಿತು; ‘ಸ್ಸ್’ ಎಂದು ಉಸಿರುಬಿಟ್ಟಾಗ ಹಾಗಾಗಲಿಲ್ಲ. ಇದು ಗೋಕರ್ಣದ ಪಾರಾಯಣಕ್ಕೆ ವಿಜ್ಞಾನದ ಮುದ್ರೆ ಎಂದು ಕೊಂಡಾಡುವವರಿದ್ದಾರೆ. ಪ್ರಯೋಗ ಅಷ್ಟನ್ನು ಹೇಳುವುದಿಲ್ಲ. ಮನಸ್ಸು ಶಾಂತವಾದಾಗ ಮಿದುಳಿನಲ್ಲಿ ಏನು ನಡೆಯುತ್ತದೆ ಎಂದು ಹೇಳುತ್ತದೆ. ಓಂಕಾರದ ಅರ್ಥವನ್ನು ಅದು ಸಾಧಿಸುವುದೂ ಇಲ್ಲ, ನಿರಾಕರಿಸುವುದೂ ಇಲ್ಲ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (1988) ಪ್ರಜ್ಞಾ ಅಧ್ಯಯನಕ್ಕೆ ಪ್ರತ್ಯೇಕ ಕಾರ್ಯಕ್ರಮ ಇಟ್ಟುಕೊಂಡ ದೇಶದ ಕೆಲವೇ ಸಂಸ್ಥೆಗಳಲ್ಲೊಂದು. ನಂಜನಗೂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ವಿಶ್ವಕಿರಣಗಳ ಸಂಶೋಧನೆಯಿಂದ ನಿವೃತ್ತರಾದ ಮೇಲೆ ಇಲ್ಲಿ ಅರಿವಿನ ಪ್ರಶ್ನೆಗೆ ತಮ್ಮ ಕೊನೆಯ ದಶಕಗಳನ್ನು ಕೊಟ್ಟರು.

ಕೋಟದ ಸಮೀಕ್ಷೆ

ಭಟ್ಕಳದಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಕುಂದಾಪುರ ದಾಟಿ ಸಿಗುವ ಕೋಟ, ಶಿವರಾಮ ಕಾರಂತರ ಹುಟ್ಟೂರು. ಜಿ. ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಇಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆ 1976ರಲ್ಲಿ ಪುಸ್ತಕವಾಯಿತು. ಜನರಾಡುವ ಮಾತಿನಲ್ಲೇ ಸಂಕಟವನ್ನು ಕೇಳಿ ದಾಖಲಿಸಲು ಅವರು ಹೊಸ ಪ್ರಶ್ನಾವಳಿಯನ್ನೇ ರೂಪಿಸಿದರು. ಜನ ಸಂಕಟ ಬಂದಾಗ ಯಾರ ಬಳಿ ಹೋಗುತ್ತಾರೆಂಬುದನ್ನೂ ಕಪೂರ್ ನೋಡಿದರು: ವೈದ್ಯರು, ಮಂತ್ರವಾದಿಗಳು, ಮೈಮೇಲೆ ದರ್ಶನ ಬರುವ ಪಾತ್ರಿಗಳು. ಒಬ್ಬರನ್ನು ಬಿಟ್ಟು ಇನ್ನೊಬ್ಬರಲ್ಲ. ಎಷ್ಟೋ ಮಂದಿ ಡಾಕ್ಟರನ್ನೂ ಕಂಡರು, ಪಾತ್ರಿಯ ಮುಂದೆಯೂ ನಿಂತರು.

ಮೈಮೇಲೆ ಬರುವುದು ಮನಸ್ಸಿನ ತತ್ತ್ವಶಾಸ್ತ್ರಕ್ಕೆ ಕಠಿಣವಾದ ಉದಾಹರಣೆ. ಒಂದೇ ದೇಹ, ಒಂದೇ ಮಿದುಳು, ಮಾತಾಡುತ್ತಿರುವವರು ಯಾರು? ಹೊನ್ನಾವರದ ಗುಣವಂತೆಯ ಕೆರೆಮನೆ ಮೇಳದ ರಂಗದಲ್ಲಿ ವೇಷಧಾರಿ ದುರ್ಯೋಧನನಾಗಿ ಅಬ್ಬರಿಸುವಾಗಲೂ ತಾಳ ತಪ್ಪದಂತೆ ನೋಡಿಕೊಳ್ಳುವ ತನ್ನತನ ಅವನಲ್ಲಿ ಎಚ್ಚರವಿರುತ್ತದೆ. ಪಾತ್ರಿ ಹಾಗೆ ಹೇಳಿಕೊಳ್ಳುವುದಿಲ್ಲ. ಆ ಹೊತ್ತಿನ ಮಾತಿಗೆ ತಾನು ಕರ್ತೃವಲ್ಲ ಎನ್ನುತ್ತಾನೆ. ಆಸ್ಪತ್ರೆಗೆ ಬಂದ ರೋಗಿ ಮೂರನೆಯ ಬಗೆ: ಅವನಿಗೆ ಇಷ್ಟವಿಲ್ಲದೆ, ವಿಧಿಯ ಚೌಕಟ್ಟಿಲ್ಲದೆ ಬಂದು ಬದುಕನ್ನು ಕೆಡಿಸುವ ಆವೇಶ. ಈ ಮೂವರನ್ನು ಇಇಜಿ ಪಟ್ಟಿಯೊಂದರಿಂದ ಬೇರ್ಪಡಿಸಲಾಗದು. ಸಂದರ್ಭ, ಸಮುದಾಯದ ಒಪ್ಪಿಗೆ, ಅನುಭವಿಸಿದವರ ಸ್ವಂತ ಮಾತು ಇವಿಲ್ಲದೆ ರೋಗವೋ ಆಚರಣೆಯೋ ಎಂಬುದೇ ತೀರ್ಮಾನವಾಗುವುದಿಲ್ಲ. ಮುಂದೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದ ಕಪೂರ್ ಸ್ವತಃ ಯೋಗಾಭ್ಯಾಸಕ್ಕೆ ಇಳಿದು, ಸಂನ್ಯಾಸಿಗಳ ನಡುವೆ ಓಡಾಡಿ ಬರೆದ ಪುಸ್ತಕ ಅವರು 2006ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾಯಿತು.

ನ್ಯಾಯಾಲಯದ ಮುಂದೆ ಮಿದುಳು

ತತ್ತ್ವಶಾಸ್ತ್ರದ ಈ ಜಿಜ್ಞಾಸೆ ನಾಗರಿಕನ ಹಕ್ಕಿನ ಪ್ರಶ್ನೆಯಾದದ್ದು ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ. 2000ದ ದಶಕದಲ್ಲಿ ಆರೋಪಿಗಳ ಮೇಲೆ ಮೂರು ಪರೀಕ್ಷೆಗಳು ನಡೆಯುತ್ತಿದ್ದವು: ಔಷಧ ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತಾಡಿಸುವ ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮತ್ತು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ‘ಬ್ರೈನ್ ಮ್ಯಾಪಿಂಗ್’. ಬೆಂಗಳೂರು ಇವುಗಳ ಪ್ರಮುಖ ಕೇಂದ್ರವಾಗಿತ್ತು.

ಮೂರನೆಯದರ ತರ್ಕ ಹೀಗೆ. ಪರಿಚಿತ ಅಥವಾ ಮುಖ್ಯವೆನಿಸುವ ಪ್ರಚೋದನೆ ಎದುರಾದರೆ ಸುಮಾರು 300 ಮಿಲಿಸೆಕೆಂಡಿನ ಬಳಿಕ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಅಪರಾಧದ ವಿವರ ಕೇಳಿದಾಗ ಆ ಅಲೆ ಎದ್ದರೆ ಆರೋಪಿಗೆ ಅದು ಗೊತ್ತಿದೆ. ನಿಮ್ಹಾನ್ಸ್‌ನ ಚಿಕಿತ್ಸಾ ಮನೋವಿಜ್ಞಾನ ವಿಭಾಗದಲ್ಲಿದ್ದ ಸಿ.ಆರ್. ಮುಕುಂದನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೇಳಿ ತಿಳಿದದ್ದನ್ನೂ ತಾನೇ ಮಾಡಿ ಅನುಭವಿಸಿದ್ದನ್ನೂ ಬೇರ್ಪಡಿಸುತ್ತೇನೆನ್ನುವ ತಂತ್ರವನ್ನು ರೂಪಿಸಿದರು. 2008ರಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಇಂಥ ಫಲಿತಾಂಶವನ್ನೂ ಪುರಾವೆಯಾಗಿ ಪರಿಗಣಿಸಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಈ ವಿಧಾನಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದಿತು.

ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2010ರ ಮೇ 5ರಂದು ತೀರ್ಪಿತ್ತಿತು. ಒಪ್ಪಿಗೆಯಿಲ್ಲದೆ ಈ ಮೂರರಲ್ಲಿ ಯಾವುದನ್ನೂ ನಡೆಸುವುದು ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆ. ಒಪ್ಪಿಗೆಯಿಂದ ನಡೆದರೂ ಫಲಿತಾಂಶವೇ ಪುರಾವೆಯಲ್ಲ, ಅದರ ನೆರವಿನಿಂದ ಮುಂದೆ ಪತ್ತೆಯಾದದ್ದನ್ನು ಮಾತ್ರ ಸಾಕ್ಷ್ಯ ಕಾನೂನಿನಂತೆ ಪರಿಗಣಿಸಬಹುದು. ರಕ್ತ ಅಥವಾ ಬೆರಳಚ್ಚು ಕೊಡುವಂತಲ್ಲ ಇದು, ಬಾಯಿಬಿಡದೆಯೇ ಹೇಳಿಕೆ ಪಡೆದಂತೆ ಎಂಬುದು ತೀರ್ಪಿನ ಜೀವಾಳ. ಮಾತಾಡಬೇಕೋ ಮೌನವಾಗಿರಬೇಕೋ ಎಂದು ತಾನೇ ತೀರ್ಮಾನಿಸುವ ಮಾನಸಿಕ ಖಾಸಗಿತನವನ್ನು ನ್ಯಾಯಾಲಯ ಎತ್ತಿ ಹಿಡಿಯಿತು.

ತಾತ್ತ್ವಿಕವಾಗಿಯೂ ಈ ತೀರ್ಪು ಸರಿ. ಅಲೆ ಎದ್ದಿತೆಂಬುದು ಮಿದುಳಿನ ಸಂಗತಿ. ‘ಇವನು ಮಾಡಿದ್ದಾನೆ’ ಎಂಬುದು ವ್ಯಕ್ತಿಯ ಬಗೆಗಿನ ಸಂಗತಿ. ಪೊಲೀಸರ ಬಾಯಲ್ಲಿ ದಿನಗಟ್ಟಲೆ ಆ ವಿವರಗಳನ್ನು ಕೇಳಿದ ನಿರಪರಾಧಿಗೂ ಅವು ಪರಿಚಿತವೇ. ದೀಪದ ವಾದದ ನ್ಯಾಯವೇ ಇಲ್ಲಿಯೂ ಅನ್ವಯಿಸುತ್ತದೆ: ಜೊತೆಗಿರುವುದನ್ನು ಅದೇ ಇದು ಎನ್ನಬೇಡಿ.

ಎದೆ ಬಡಿಯುತ್ತಿರುವಾಗಿನ ಸಾವು

1994ರ ಅಂಗಾಂಗ ಕಸಿ ಕಾಯಿದೆ ಮಿದುಳುಕಾಂಡದ ಸಾವನ್ನು ಸಾವೆಂದು ಒಪ್ಪಿತು. ನಾಲ್ವರು ವೈದ್ಯರ ಮಂಡಳಿ ಆರು ಗಂಟೆ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕರ್ನಾಟಕದಲ್ಲಿ ದಾನದ ವ್ಯವಸ್ಥೆಯನ್ನು ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ. 2021ರ ಜೂನ್‌ನಲ್ಲಿ ಅಪಘಾತದಿಂದ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬ ದಾನ ಮಾಡಿದಾಗ ಈ ವಿಚಾರ ಕನ್ನಡದ ಮನೆಮನೆಯಲ್ಲೂ ಚರ್ಚೆಯಾಯಿತು. ಯಂತ್ರದ ಸಹಾಯದಿಂದ ಉಸಿರಾಡುತ್ತಿರುವ, ಮೈ ಬೆಚ್ಚಗಿರುವ ಮಗನನ್ನು ಹೋದ ಎಂದು ಒಪ್ಪುವುದು ತಾಯಿಗೆ ಎಷ್ಟು ಕಷ್ಟವೆಂಬುದನ್ನು ಅಭೇದವಾದದ ಪುಸ್ತಕಗಳು ಹೇಳುವುದಿಲ್ಲ. ಆದರೂ ಕಾನೂನು ಹಿಡಿದ ದಾರಿ ಸರಿ ಎಂದೇ ನಾನು ನಂಬುತ್ತೇನೆ. ಮಿದುಳುಕಾಂಡದ ಸಾವು ಗಾಢಪ್ರಜ್ಞಾಹೀನತೆಗಿಂತ ಬೇರೆ. 2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು, ಅರಿವಿಲ್ಲವೆಂದು ಭಾವಿಸಿದ್ದ ಯುವತಿಗೆ ಟೆನಿಸ್ ಆಡುವುದನ್ನು ಊಹಿಸಿಕೊಳ್ಳಲು ಹೇಳಿದಾಗ ಆಕೆಯ ಮಿದುಳು ಆರೋಗ್ಯವಂತರಂತೆಯೇ ಸ್ಪಂದಿಸಿದ್ದನ್ನು ಕಂಡರು. ಮಾತಿಲ್ಲದವಳ ಸಾಕ್ಷ್ಯವನ್ನು ಯಂತ್ರ ಹೊರಗೆ ತಂದಿತು. ಸೆಲ್ವಿ ಪ್ರಕರಣದ ಯಂತ್ರಕ್ಕೂ ಇದಕ್ಕೂ ಅಂತರ ಇಷ್ಟೇ: ಇಲ್ಲಿ ಹೇಳಬೇಕೆಂದಿದ್ದವಳಿಗೆ ಅದು ದನಿಯಾಯಿತು.

ಕನ್ನಡದ ಬರಹ, ನಡೆಯುತ್ತಿರುವ ಕೆಲಸ

‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೈದ್ಯರು; ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಮಾನಸಿಕ ಆರೋಗ್ಯವನ್ನು ಹಳ್ಳಿಯ ಓದುಗರಿಗೂ ತಲುಪಿಸಿದರು. ಗೋಕರ್ಣದ ಗೌರೀಶ ಕಾಯ್ಕಿಣಿ (1912–2002) ಬಂಕಿಕೊಡ್ಲದಲ್ಲಿ ಮೇಷ್ಟ್ರಾಗಿದ್ದುಕೊಂಡೇ ವಿಚಾರವಾದ, ದರ್ಶನಗಳನ್ನು ಕನ್ನಡದಲ್ಲಿ ಚರ್ಚಿಸಿದರು. ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ‘ಶಿಕಾರಿ’ಯಲ್ಲಿ (1979) ಬೆನ್ನಟ್ಟಿದ ಭಯವನ್ನು ಒಳಗಿನಿಂದ ಬರೆದರು. ಆತಂಕದ ನರವಿಜ್ಞಾನ ಓದಿದವರು ಇದನ್ನೂ ಓದಬೇಕು. ವಿವರಿಸಬೇಕಾಗಿರುವುದು ಏನು ಎಂಬುದು ಅಲ್ಲಿದೆ.

ಕಠಿಣ ಸಮಸ್ಯೆ ಬಗೆಹರಿದಿಲ್ಲ. 25 ವರ್ಷಗಳಲ್ಲಿ ಅರಿವಿನ ನರಾಧಾರ ಸಿಕ್ಕಿಬಿಡುತ್ತದೆಂದು 1998ರಲ್ಲಿ ಚಾಮರ್ಸ್ ಜೊತೆ ಪಂಥ ಕಟ್ಟಿದ್ದ ನರವಿಜ್ಞಾನಿ ಕ್ರಿಸ್ಟೊಫ್ ಕಾಕ್ 2023ರಲ್ಲಿ ಸೋಲೊಪ್ಪಿದರು. ಎದುರಾಳಿ ಸಿದ್ಧಾಂತಗಳೆರಡನ್ನು ಒಟ್ಟಿಗೇ ಪರೀಕ್ಷೆಗೊಡ್ಡಿದ ದೊಡ್ಡ ಪ್ರಯೋಗದ ಫಲಿತಾಂಶ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಎರಡಕ್ಕೂ ಒಂದಷ್ಟು ಬೆಂಬಲ, ಎರಡಕ್ಕೂ ಪೆಟ್ಟು.

ಸುಲಭ ಎನ್ನಲಾದ ಸಮಸ್ಯೆಗಳಲ್ಲಿ ಕೆಲಸ ಸಾಗಿದೆ. ಹೈದರಾಬಾದಿನ 648 ಮರೆವು ರೋಗಿಗಳನ್ನು ಅಧ್ಯಯನ ಮಾಡಿದ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದೆ ಎಂದು 2013ರಲ್ಲಿ ವರದಿ ಮಾಡಿದರು. ಓದು ಬರಹವಿಲ್ಲದವರಲ್ಲೂ ವ್ಯತ್ಯಾಸ ಕಂಡಿತು. ಅಲ್ಲಾಡಿ ಮುಂದೆ ನಿಮ್ಹಾನ್ಸ್‌ಗೆ ಬಂದರು. ಕನ್ನಡ, ಕೊಂಕಣಿ, ನವಾಯತಿ, ಉರ್ದುಗಳ ನಡುವೆ ದಿನಕ್ಕೆ ಹತ್ತು ಸಲ ದಾಟಾಡುವ ಭಟ್ಕಳ, ಹೊನ್ನಾವರ, ಕುಮಟಾ ಪೇಟೆಗಳು ಇಂಥ ಅಧ್ಯಯನಕ್ಕೆ ಹೇಳಿ ಮಾಡಿಸಿದ ಜಾಗ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ಗುರಿಯಾಗಿಟ್ಟುಕೊಂಡು ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. ರಕ್ತಪರೀಕ್ಷೆ, ಎಂಆರ್‌ಐ, ನೆನಪಿನ ಪರೀಕ್ಷೆಗಳ ಜೊತೆ, ತಮಗೇನು ಮರೆಯುತ್ತಿದೆ ಎಂದು ಅವರು ಹೇಳುವುದನ್ನೂ ವೈದ್ಯರು ಬರೆದುಕೊಳ್ಳುತ್ತಾರೆ.